ಹೆಸರಿಲ್ಲದ ಎರಡು ಕಿವಿ

ಹಿಂದೆ ಗ್ರೀಕರ ನಾಡಿನಲ್ಲಿ, ಹೊಳೆಯ ದಂಡೆಯ ಮೇಲೆ, ರೋಗ ವಾಸಿ ಮಾಡುವ ದೇವರ ಗುಡಿಯೊಂದಿತ್ತು. ಕಾಲು ನೋವಿದ್ದವರು ಅಲ್ಲಿ ಮಣ್ಣಿನ ಕಾಲು ಒಪ್ಪಿಸುತ್ತಿದ್ದರು; ಕಣ್ಣು ಮಂಜಾದವರು ಮಣ್ಣಿನ ಕಣ್ಣು. ಕೆಳಗೆ ಒಂದೆರಡು ಸಾಲು ಹರಕೆಯ ಬರಹ.

ಆ ಸಾಲುಗಳನ್ನು ಓದಿ, ಒಪ್ಪಿಸಿದವರು ಯಾರೆಂದು ಹೇಳುವುದು ಗುರು ಲೈಕಾನರ ವಿದ್ಯೆ. ಅವರ ಶಿಷ್ಯ ಮಿಕ್ಕೋಸ್ ಅದನ್ನು ಕಲಿತು ಮುಗಿಸಿದ್ದ. ಹಾಗೆಂದು ಮಿಕ್ಕೋಸನ ಅಭಿಪ್ರಾಯ.

"ಗುರುಗಳೇ, ನಾನಿನ್ನು ಊರಿಗೆ ಹೋಗಿ ಸ್ವಂತವಾಗಿ ಹರಕೆಯ ಬರಹ ಓದಲೇ?" ಎಂದು ದಿನವೂ ಕೇಳುತ್ತಿದ್ದ.

ಗುರುಗಳು ದಿನವೂ ಹೊಳೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅವರು ಗುಡಿಯಿಂದ ಮಣ್ಣಿನ ಬಿಲ್ಲೆಯೊಂದನ್ನು ತಂದು ಅವನ ಮುಂದಿಟ್ಟರು. ಅದರ ಮೇಲೆ ಎರಡು ಕಿವಿ. ಕೆಳಗೆ ಒಂದೇ ಸಾಲು: 'ದೇವರೇ, ಇವು ಕೇಳುವಂತೆ ಮಾಡು.' ಹೆಸರಿಲ್ಲ.

"ಒಪ್ಪಿಸಿದವರು ಯಾರು ಹೇಳು. ಸರಿಯಾಗಿ ಹೇಳಿದರೆ ಇವತ್ತೇ ಹೊರಡಬಹುದು."

ಮಿಕ್ಕೋಸ್ ನೋಡಿದೊಡನೆ ಗುರುತು ಹಿಡಿದ. ದಿನವೂ ಕೇಳಿದರೂ ಉತ್ತರ ಕೊಡದ ಗುರುಗಳಿಗೆ ಕಿವಿ ಮಂದವೆಂದುಕೊಂಡು ಅದನ್ನು ಅವನೇ ಮಾಡಿ, ಹಿಂದಿನ ದಿನವಷ್ಟೇ ಯಾರಿಗೂ ಕಾಣದಂತೆ ಇಟ್ಟು ಬಂದಿದ್ದ.

"ಒಬ್ಬ ಎಣ್ಣೆ ವ್ಯಾಪಾರಿ," ಎಂದ. "ದೂರದ ದ್ವೀಪದವನು. ವಯಸ್ಸಾಗಿದೆ. ಪಾಪ, ಕಿವಿ ಮಂದ."

"ಹೆಸರು ಹಾಕಲು ಏನು ಅಡ್ಡಿಯಾಯಿತು?"

"ಸಂಕೋಚದ ಸ್ವಭಾವ."

"ಎಣ್ಣೆ ವ್ಯಾಪಾರಿಗೆ?"

ಈಗ ಹೊಳೆ ನೋಡುವ ಸರದಿ ಮಿಕ್ಕೋಸನದಾಯಿತು.

"ಎಡಗಿವಿಯ ಹಾಲೆ ಹರಿದಿದೆಯಲ್ಲ, ಅದೇಕೆ?"

"ಆಡು ಕಚ್ಚಿದ್ದು. ಚಿಕ್ಕಂದಿನಲ್ಲಿ," ಎಂದವನು ನಾಲಿಗೆ ಕಚ್ಚಿಕೊಂಡ.

ಗುರುಗಳು ತಮ್ಮ ಎಡಗಿವಿಯ ಹರಿದ ಹಾಲೆಯನ್ನು ಮೆಲ್ಲಗೆ ಸವರಿಕೊಂಡರು. "ಅವನಿಗೂ ಆಡೇ ಕಚ್ಚಿತೇ?"

"ದೇವರು ತಪ್ಪಿ ಬೇರೆಯವರ ಹತ್ತಿರ ಹೋಗಬಾರದಲ್ಲ ಅಂತ ಇದ್ದದ್ದು ಇದ್ದ ಹಾಗೇ ಮಾಡಿದೆ," ಎಂದು ಮಿಕ್ಕೋಸ್ ಗೊಣಗಿದ. "ಒಪ್ಪಿಸಿದವನು ನಾನೇ."

"ಏನಂದೆ?"

"ನಾನೇ!"

ಗುಡಿಯ ಪಾರಿವಾಳಗಳೆಲ್ಲ ಹಾರಿದವು.

"ಉತ್ತರ ಸರಿ," ಎಂದರು ಗುರುಗಳು. "ಬುತ್ತಿ ಕಟ್ಟಿಕೋ."

ಮಿಕ್ಕೋಸನ ಮುಖ ಅರಳಿತು. "ಹಾಗಾದರೆ ಹರಕೆ ಫಲಿಸಿತು ಗುರುಗಳೇ. ದೇವರಿಗೆ ಇನ್ನೊಂದು ಬಿಲ್ಲೆ ಒಪ್ಪಿಸಿಯೇ ಹೊರಡುತ್ತೇನೆ."

"ಒಪ್ಪಿಸು. ಆದರೆ ಈ ಸಲ ಹೆಸರು ಹಾಕು," ಎಂದರು ಗುರುಗಳು. "ಇಲ್ಲದಿದ್ದರೆ ಮುಂದೆ ಯಾವನೋ ಬಡಪಾಯಿ ಶಿಷ್ಯ ಎಣ್ಣೆ ವ್ಯಾಪಾರಿಯನ್ನು ಹುಡುಕಿಕೊಂಡು ದ್ವೀಪಕ್ಕೆ ಹೋಗಿಬಿಟ್ಟಾನು."