ಮುಚ್ಚಳ ತೆಗೆಯದ ಡಬ್ಬ

ಹೊಳೆದಡದ ಕ್ರೈಸ್ತ ಆಶ್ರಮದಲ್ಲಿ ಇನ್ನಾಸಪ್ಪ ಗುರುಗಳ ಬಳಿ ಚೌರಪ್ಪ ಎಂಬ ಶಿಷ್ಯನಿದ್ದ. ಮಳೆ ಹಿಡಿಯುವ ಮೊದಲು ಹರಿಗೋಲಿನ ತಳಕ್ಕೆ ನೀರು ನುಗ್ಗದಂತೆ ಡಾಂಬರು ಬಳಿಯುವುದು ಅವನ ಕೆಲಸ.

ಆ ವರ್ಷ ಅವನು ಬಳಿಯಲಿಲ್ಲ. ಹೊಳೆ ದಾಟುವವರನ್ನೆಲ್ಲ ದೇವರು ಕಾಯಲಿ ಎಂದು ದೇವಾಲಯದಲ್ಲಿ ಜಪಕ್ಕೆ ಕೂತ. ಜಪಕ್ಕೆ ಕೂತವನನ್ನು ಯಾರು ಎಬ್ಬಿಸುತ್ತಾರೆ?

ಹೊಳೆ ತುಂಬಿದ ನಾಲ್ಕನೆಯ ದಿನ ನಡುನೀರಿನಲ್ಲಿ ಹರಿಗೋಲಿನ ತಳ ಬಿಟ್ಟುಕೊಂಡಿತು. ಐದು ಜನ ಈಜಿ ದಡ ಸೇರಿದರು. ಅನ್ನಮ್ಮನ ಮಗಳು ಮದಲೇನ, ಹತ್ತು ವರ್ಷದವಳು, ಮಾರನೆಯ ದಿನ ಜೊಂಡಿನಲ್ಲಿ ಸಿಕ್ಕಳು.

ಚೌರಪ್ಪ ಅನ್ನಮ್ಮನ ಮನೆಗೆ ಹೋದ.

"ದೇವರ ಚಿತ್ತ, ಅಕ್ಕಾ" ಎಂದ.

ಅನ್ನಮ್ಮನ ಅಳು ನಿಂತಿತು. ಕೊರಳಿನ ಜಪಮಾಲೆ ತೆಗೆದು ಅವನ ಕೈಗಿಟ್ಟಳು.

"ಕೂಸನ್ನ ಮುಳುಗ್ಸೋ ದೇವ್ರು ನಂಗೆ ಬ್ಯಾಡ. ತಕ್ಕೊಂಡೋಗು."

ಅವನು ಆಶ್ರಮಕ್ಕೆ ಬಂದು ಜಪಮಾಲೆಯನ್ನು ಗುರುಗಳ ಮುಂದಿಟ್ಟು, ಅನ್ನಮ್ಮನ ಮಾತು ತಿಳಿಸಿ, ಕೇಳಿದ: "ಮದಲೇನಳ ಸಮಾಧಿಯ ಶಿಲುಬೆ ಮೇಲೆ ಬರೆಯೋಕೆ ಕಪ್ಪು ಬಣ್ಣ ಬೇಕಿತ್ತು."

"ಏನು ಬರೀತೀಯ?"

"ಅವಳ ಹೆಸರು. ಕೆಳಗೆ, ದೇವರ ಚಿತ್ತ ಅಂತ."

ಗುರುಗಳು ಒಳಗೆ ಹೋಗಿ ಡಾಂಬರಿನ ಡಬ್ಬ ತಂದು ಅವನ ಮುಂದಿಟ್ಟರು. ಮುಚ್ಚಳದ ಮೇಲೆ ಜೇಡ ಬಲೆ ಕಟ್ಟಿತ್ತು.

"ಇದರಲ್ಲಿ ಬರಿ."

ಚೌರಪ್ಪ ಡಬ್ಬ ಮುಟ್ಟಲಿಲ್ಲ.

"ಅವನಿಲ್ಲದೆ ಹುಲ್ಲುಕಡ್ಡೀನೂ ಅಲುಗಾಡಲ್ಲ ಅಂತಾರಲ್ಲ, ಗುರುಗಳೇ."

"ಕಡ್ಡಿ ಮಾತು ಬಿಡು. ಅಲುಗಾಡದೆ ಕೂತಿದ್ದೋನು ನೀನು."

"ಅವನಿಗೆ ಎಲ್ಲ ಮೊದಲೇ ಗೊತ್ತಿತ್ತಲ್ಲ. ನನ್ನ ಎಬ್ಬಿಸಬಹುದಿತ್ತಲ್ಲ."

"ಎಬ್ಬಿಸಲಿಲ್ವಾ?"

ಚೌರಪ್ಪ ಮುಚ್ಚಳದ ಮೇಲಿನ ಬಲೆ ನೋಡಿದ.

"ಜಪದ ನಡುವೆ ಡಾಂಬರು ನೆನಪಾಗ್ತಿತ್ತು. ಸೈತಾನ ಜಪ ಕೆಡಿಸ್ತಿದ್ದಾನೆ ಅಂದ್ಕೊಂಡೆ. ಶಿಲುಬೆ ಗುರುತು ಹಾಕಿ ಓಡಿಸಿದೆ."

"ಎಷ್ಟು ಸಲ?"

"ದಿನಾ."

ಗುರುಗಳ ಕಣ್ಣು ತುಂಬಿತು. "ನಾನೂ ಈ ಡಬ್ಬ ದಾಟ್ಕೊಂಡೇ ಓಡಾಡಿದೆ. ನನ್ನ ಶಿಷ್ಯ ಎಂಥಾ ಜಪ ಮಾಡ್ತಾನೆ ಅಂತ ಹೆಮ್ಮೆ ಪಟ್ಕೊಂಡು ಸುಮ್ಮನಾದೆ."

"ದೇವರು ಕರೆದರೆ ಸಾಕಾ? ರಟ್ಟೆ ಹಿಡಿದು ಎಳೀಬಾರದಿತ್ತಾ?" ಚೌರಪ್ಪ ಬಿಕ್ಕಿದ.

"ಮೂಗುದಾರ ಹಿಡಿದು ಎಳೆಯೋದು ಎತ್ತನ್ನ, ಮಗಾ. ಮಕ್ಕಳನ್ನ ಕರೀತಾರೆ."

ಹೊರಗೆ ಹೊಳೆ ಇನ್ನೂ ಕೆಂಪಗೆ ಹರಿಯುತ್ತಿತ್ತು. ಒಡೆದ ಹರಿಗೋಲನ್ನು ಯಾರೋ ದಡಕ್ಕೆ ಎಳೆದು ಬೋರಲು ಹಾಕಿದ್ದರು.

"ದೇವರು ನನ್ನ ಕ್ಷಮಿಸ್ತಾನಾ?"

ಗುರುಗಳು ಊರುಗೋಲು ಹಿಡಿದು ಎದ್ದರು. ಅನ್ನಮ್ಮನ ಜಪಮಾಲೆಯನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು.

"ನಮ್ಮಿಬ್ಬರ ತಪ್ಪಿಗೆ ಅನ್ನಮ್ಮನ ಮನೇಲಿ ಅವನು ಶಿಲುಬೆ ಮೇಲಿದ್ದಾನೆ. ನಡಿ, ಅವಳಿಗೆ ನಿಜ ಹೇಳಿ ಮೊದಲು ಅವನನ್ನ ಇಳಿಸಿ ಬರೋಣ."