ಒಬ್ಬರಿಗೆ ಒಂದೇ ಸಾಲು

ಹೊಳೆದಂಡೆಯ ಮಠವೊಂದರಲ್ಲಿ ಶ್ರಾವಣ ಬಂತೆಂದರೆ ತಿಂಗಳುಪೂರ್ತಿ ಮೌನವ್ರತ. ವ್ರತವೇನೋ ದೊಡ್ಡದೇ, ಆದರೆ ಅಡುಗೆಮನೆಗೆ ಅದು ಫಜೀತಿ. ಸಾರಿಗೆ ಉಪ್ಪು ಬಿತ್ತೋ ಇಲ್ಲವೋ ಎಂದು ಕೇಳುವ ಹಾಗಿಲ್ಲ. ಒಬ್ಬರಾದ ಮೇಲೊಬ್ಬರು ಹಾಕಿ, ಸಾರು ಬಾಯಿಗಿಡಲು ಬಾರದಂತಾಯಿತು.

ಶಿಷ್ಯ ಕೊಟ್ರಯ್ಯನಿಗೆ ಒಂದು ಉಪಾಯ ಹೊಳೆಯಿತು. ಅಡುಗೆಮನೆಯ ಬಾಗಿಲಲ್ಲಿ ಕರಿಕಲ್ಲೊಂದನ್ನು ನಿಲ್ಲಿಸಿ ಬಳಪದಿಂದ ಬರೆದ: ‘ಸಾರಿಗೆ ಉಪ್ಪು ಹಾಕಿದ್ದೇನೆ.’

ಆವತ್ತು ಎಲ್ಲರೂ ಬಾಯಿ ಚಪ್ಪರಿಸಿ ಉಂಡರು.

ಮರುದಿನದಿಂದ ಕಲ್ಲಿಗೆ ಬಿಡುವಿಲ್ಲ. ‘ಸೌದೆಗೆ ಹೊರಟೆ.’ ‘ಕರು ಹಗ್ಗ ಬಿಚ್ಚಿಕೊಂಡಿದೆ.’ ಎಲ್ಲರಿಗೂ ಜಾಗ ಸಿಗಲೆಂದು ಕೊಟ್ರಯ್ಯ ಕಟ್ಟಳೆ ಮಾಡಿದ: ಒಬ್ಬರಿಗೆ ಒಂದೇ ಸಾಲು.

ಶ್ರಾವಣ ಮುಗಿದು ಬಾಯಿ ತೆರೆದರೂ ಬರೆಯುವ ಚಟ ಬಿಡಲಿಲ್ಲ. ಕಲ್ಲು ದೋಣಿಕಟ್ಟೆಗೆ ಬಂತು. ಹೊಳೆ ದಾಟಲು ಬಂದವರು ಓದಿದರು, ತಾವೂ ಬರೆದರು. ಮೆಚ್ಚಿದ ಸಾಲಿನ ಪಕ್ಕ ವಿಭೂತಿಯ ಬೊಟ್ಟು ಇಟ್ಟರು. ತಮ್ಮೂರಿಗೆ ಹೋಗಿ ಅಲ್ಲೂ ಕಲ್ಲು ನಿಲ್ಲಿಸಿ ಅದೇ ಸಾಲನ್ನು ಏರಿಸಿದರು. ನೋಡನೋಡುತ್ತ ಹೊಳೆಯುದ್ದಕ್ಕೂ ಕಲ್ಲುಗಳೆದ್ದವು.

ಬೆಳಗಾದರೆ ಕೊಟ್ರಯ್ಯ ಜಪ ಬಿಟ್ಟು ಬೊಟ್ಟು ನೋಡಲು ಓಡುತ್ತಿದ್ದ. ಪಾಪ, ಯಾರಿಗೆ ಆಸೆ ಇರುವುದಿಲ್ಲ!

“ಏನ್ ತಮ್ಮಾ, ಇವತ್ತ ಎಷ್ಟು ಬಿದ್ದಾವು?” ಗುರು ಅಡವಯ್ಯಜ್ಜ ಒಮ್ಮೆ ಕೇಳಿದರು.

“ಭಾಳ ಇಲ್ರಿ ಅಜ್ಜಾರ,” ಎಂದು ಕೊಟ್ರಯ್ಯ ನಾಚಿದ.

ಒಂದು ದಿನ ಬರೆಯಲು ಏನೂ ತೋಚದೆ, ತಮಾಷೆಗೆಂದು ಬರೆದ: ‘ದುರುಗವ್ವನ ದೋಣಿಯಲ್ಲಿ ಕಾಲು ತೋಯಿತು.’ ದುರುಗವ್ವ ಅದೇ ಕಟ್ಟೆಯಲ್ಲಿ ಜನರನ್ನು ದಾಟಿಸಿ ಹೊಟ್ಟೆ ಹೊರೆಯುವ ಹೆಂಗಸು.

ಬೊಟ್ಟುಗಳೋ ಬೊಟ್ಟುಗಳು. ಕೆಳಗಿನ ಊರಿನ ಕಲ್ಲಿನಲ್ಲಿ ಅದು ‘ದುರುಗವ್ವನ ದೋಣಿ ತೂತು’ ಎಂದಾಯಿತು. ಅದರಾಚೆಯ ಊರಿನಲ್ಲಿ ‘ದುರುಗವ್ವನ ದೋಣಿ ಮುಳುಗಿತು.’ ಜನ ಪಕ್ಕದ ದೋಣಿ ಹತ್ತತೊಡಗಿದರು. ಅವಳ ಮನೆಯಲ್ಲಿ ಒಲೆ ಉರಿಯಲಿಲ್ಲ.

ದುರುಗವ್ವ ಮಠಕ್ಕೆ ಬಂದು ಕೊಟ್ರಯ್ಯನನ್ನು ಕೇಳಿದಳು. “ಹತ್ತೂವಾಗ ನೀವ ಹೊಳ್ಯಾಗ ಕಾಲಿಟ್ರಿ, ಮರಿಸ್ವಾಮ್ಯಾರ. ನನ್ನ ದೋಣಿ ಏನ್ ಮಾಡಿತ್ರಿ ನಿಮಗ?”

ಕೊಟ್ರಯ್ಯ ಓಡಿಹೋಗಿ ಬರೆದ: ‘ದುರುಗವ್ವನ ದೋಣಿ ಗಟ್ಟಿಯಾಗಿದೆ.’

ಸಂಜೆಯಾದರೂ ಅದಕ್ಕೆ ಒಂದು ಬೊಟ್ಟೂ ಬೀಳಲಿಲ್ಲ. ಯಾರೂ ಅದನ್ನು ತಮ್ಮೂರಿಗೆ ಒಯ್ಯಲಿಲ್ಲ.

ಮರುದಿನ ಕೊಟ್ರಯ್ಯ ಹಾರೆ ಹಿಡಿದು ಕಲ್ಲಿನ ಮುಂದೆ ನಿಂತ. ಅಡವಯ್ಯಜ್ಜ ಬಂದರು.

“ಏನ್ ಮಾಡಾಕತ್ತಿ?”

“ಒಡದ ಹಾಕ್ತೀನ್ರಿ. ಇದನ್ನ ನಿಲ್ಲಿಸಿದ್ದ ನಂದು ತಪ್ಪು.”

“ಮೊನ್ನೆ ಸಂತ್ಯಾಗ ತಪ್ಪಿಸಿಕೊಂಡ ಕೂಸು ಹೆಂಗ ಸಿಕ್ತು?”

“ಈ ಕಲ್ಲು ಓದೇ ಸಿಕ್ಕಿತ್ರಿ.”

“ಆ ಕೂಸಿನ ಅವ್ವ ಇದಕ್ಕ ಹೂವ ಏರಿಸಿ ಹೋದಳು. ನೀ ಹಾರೆ ಎತ್ತೀದಿ.”

ಕೊಟ್ರಯ್ಯ ಹಾರೆ ಕೆಳಗಿಟ್ಟ. “ಮತ್ತ ನಾ ಏನ್ ಮಾಡ್ಲಿರಿ ಅಜ್ಜಾರ? ಖರೇ ಬರದ್ರ ಯಾರೂ ಓದವಲ್ರು.”

ಅಜ್ಜ ಮೆಟ್ಟಿಲಿಳಿದು ಹೋಗಿ ದುರುಗವ್ವನ ದೋಣಿಯಲ್ಲಿ ಕೂತರು. ಕೊಟ್ರಯ್ಯನೂ ಹಿಂದೆ ಹತ್ತಿದ. ಅಜ್ಜ ಕೆಳಗಿನ ಊರಿನತ್ತ ಕೈ ತೋರಿದರು.

ಅಲ್ಲಿಯ ಕಟ್ಟೆಯಲ್ಲಿ ಜನ ಜಮಾಯಿಸಿದರು. ತೂತು ಬಿದ್ದ ದೋಣಿ ತೇಲಿಕೊಂಡು ಬಂದಿದೆಯಲ್ಲ! ಕೊಟ್ರಯ್ಯ ದಡಕ್ಕಿಳಿದು ಕೈಮುಗಿದ. ಹತ್ತುವಾಗ ತಾನೇ ನೀರಿನಲ್ಲಿ ಕಾಲಿಟ್ಟದ್ದು, ಬೊಟ್ಟಿನ ಆಸೆಗೆ ಬರೆದದ್ದು, ಈ ತಾಯಿಯ ಒಲೆ ಆರಿದ್ದು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಕಣ್ಣು ತುಂಬಿತು. ದುರುಗವ್ವ ಹುಟ್ಟು ಹಿಡಿದು ಜನರ ಮುಖವನ್ನೇ ನೋಡುತ್ತಿದ್ದಳು.

ಗುಂಪಿನಲ್ಲಿದ್ದ ಹಿರಿಯನೊಬ್ಬ ಆಕಳಿಸಿ, ಬಳಪ ಮುಂದೆ ಚಾಚಿದ. “ಇಷ್ಟೆಲ್ಲಾ ಯಾರ್ ಕೇಳ್ತಾರ್ರಿ? ಒಂದ ಸಾಲಿನ್ಯಾಗ ಬರದ ಹೋಗ್ರಲ್ಲ.”

ಕೊಟ್ರಯ್ಯ ಗುರುವಿನ ಕಡೆ ತಿರುಗಿದ.

ಅಜ್ಜ ದೋಣಿಯಲ್ಲಿ ತುಸು ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ಆ ಹಿರಿಯನಿಗೆ ಹೇಳಿದರು:

“ಅದು ಒಂದ ಸಾಲಿನ್ಯಾಗ ಹಿಡಿಸೂದಿಲ್ಲಪಾ. ಬಾ, ಇಲ್ಲಿ ಕುಂಡ್ರು.”