ನೆರಳಿನ ಹಿಂದೆ ಹೋದ ಸಣ್ಣೀರ

"ಕೇಳ್ರಪ್ಪೋ ಕೇಳಿ! ನವಿಲುಗೋಟೆಯ ದೊರೆ ಬೊಮ್ಮರಸರ ಅಪ್ಪಣೆ! ದೊರೆಗಳು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪು ಹೇಳಿದವರಿಗೆ ಹುಣ್ಣಿಮೆಯ ದಿನ ತಲೆದಂಡ! ಕೇಳ್ರಪ್ಪೋ ಕೇಳಿ!"

ಡಂಗುರ ಕೇಳಿ ಊರಿನವರೆಲ್ಲ ಕತ್ತು ಸವರಿಕೊಂಡರೆ, ಬುಟ್ಟಿ ಹೆಣೆಯುವವರ ಕೇರಿಯ ಸಣ್ಣೀರ ಮಾತ್ರ ಕುಣಿದಾಡಿಬಿಟ್ಟ. ಯಾಕೆ ಗೊತ್ತೇ? ಅವನ ತಾಯಿ ದುಗ್ಗಮ್ಮ ಅರಮನೆಯ ಸೆರೆಯಲ್ಲಿದ್ದಳು. ಕೇಳಿದ್ದು ಕೊಡುತ್ತಾರೆ ಅಂದಮೇಲೆ ಅಮ್ಮನನ್ನೇ ಕೇಳಬಹುದಲ್ಲ!

ಪಾಪ, ಅವಳು ಮಾಡಿದ ತಪ್ಪಾದರೂ ಏನು? ಮಕ್ಕಳೆಲ್ಲ ಅರಮನೆಯ ಪಾಠಶಾಲೆಯಲ್ಲೇ ಕಲಿಯಬೇಕೆಂದು ಆ ರಾಜ್ಯದ ಕಟ್ಟಳೆ. ಅಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಬೇಕು, ಹೇಳಿದ್ದನ್ನು ಒಪ್ಪಿಸಬೇಕು. ತಿರುಗಿ ಪ್ರಶ್ನೆ ಕೇಳಿದರೆ ಬೆತ್ತ! ಸಣ್ಣೀರನ ಕಣ್ಣಿಗೆ ಅಕ್ಷರಗಳು ನಿಲ್ಲುತ್ತಲೇ ಇರಲಿಲ್ಲ, ಇರುವೆಗಳ ಹಾಗೆ ಹರಿದಾಡುತ್ತಿದ್ದವು. ದಡ್ಡ ಶಿಖಾಮಣಿ ಅಂದರು. ದಡ್ಡನಂತೆ ದಡ್ಡ! ಒಮ್ಮೆ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದ ಕೂಸು ಅದು.

ಮಗನ ಅಂಗೈಯಲ್ಲಿ ಬರೆ ಕಂಡ ದಿನ ದುಗ್ಗಮ್ಮನ ಹೊಟ್ಟೆ ಉರಿದುಹೋಯಿತು. "ನನ್ನ ಮಗ ನನ್ನ ಮನೇಲೇ ಕಲೀತಾನೆ" ಅಂದವಳೇ ಕೈಹಿಡಿದು ಕರೆತಂದಳು. ಹುಡುಗನಿಗೆ ನೆರಳು ಅಂದರೆ ಹುಚ್ಚು. ಸರಿ, ಅಂಗಳದಲ್ಲಿ ಒಂದು ಬಿದಿರುಕಡ್ಡಿ ನೆಟ್ಟಳು. ಅದರ ನೆರಳು ಅಳೆಯುತ್ತ ಅಳೆಯುತ್ತ ಲೆಕ್ಕ ಬಂತು, ದಿಕ್ಕು ಬಂತು, ಕಾಲಮಾನ ತಿಳಿಯಿತು. "ಗ್ರಹಣ ಯಾಕಾಗುತ್ತಮ್ಮಾ?" ಅಂದಾಗ ಅವಳಿಗೂ ಗೊತ್ತಿರಲಿಲ್ಲ. ಮಗನಿಗೆ ಓದಿ ಹೇಳಲೆಂದು ಆ ವಯಸ್ಸಿನಲ್ಲಿ ತಾನೇ ಅಕ್ಷರ ಕಲಿತಳು! ಇಂಥವಳನ್ನು ಹಿಡಿದು ಒಳಗೆ ಹಾಕಿದ್ದರು. ನನಗಂತೂ ಹೇಳುವಾಗಲೇ ಮೈ ಉರಿಯುತ್ತದೆ.

ಒಡ್ಡೋಲಗ ಕಿಕ್ಕಿರಿದಿತ್ತು. ಪಂಥಕ್ಕೆ ನಿಂತವರು ಒಬ್ಬ ರಾಜಕುಮಾರ, ಒಬ್ಬ ಜೋಯಿಸ, ಜರಿಶಾಲಿನ ಒಬ್ಬ ಪಂಡಿತ, ಕೊನೆಗೆ ನಮ್ಮ ಸಣ್ಣೀರ.

ದೊರೆ ಕೇಳಿದ: "ಬಲವಂತವಾಗಿ ತಿನ್ನಿಸಿದರೆ ಕಕ್ಕಿಬಿಡುತ್ತದೆ. ಅದರ ಪಾಡಿಗೆ ಬಿಟ್ಟರೆ ಊರನ್ನೆಲ್ಲ ತಿಂದು ಇನ್ನೂ ಬೇಕು ಅನ್ನುತ್ತದೆ. ಏನದು?"

"ಬೆಂಕಿ!" ಅಂದ ರಾಜಕುಮಾರ, ಮಾತು ಮುಗಿಯುವ ಮೊದಲೇ.

"ಬೆಂಕಿ ಯಾವತ್ತು ಕಕ್ಕಿತ್ತಯ್ಯಾ? ಎಳೆದುಕೊಂಡು ಹೋಗಿ ಇವನನ್ನ!"

ಸಣ್ಣೀರ ಒಂದು ಹೆಜ್ಜೆ ಮುಂದೆ ಬಂದ. "ತಿಳಿದುಕೊಳ್ಳಬೇಕು ಅನ್ನೋ ಆಸೆ, ಬುದ್ಧೀ. ಪಾಠಶಾಲೇಲಿ ನಾನು ಕಕ್ಕಿದೆ, ಮನೇಲಿ ಹೊಟ್ಟೆ ತುಂಬಲೇ ಇಲ್ಲ."

"ಭಲೇ!" ಅಂದ ದೊರೆ. "ನನ್ನ ನಾಲಗೆ ತುದಿಯಲ್ಲೂ ಅದೇ ಇತ್ತು" ಅಂದ ಪಂಡಿತ. ನೋಡಿ, ಎಂಥ ಭಂಡ!

ಆಮೇಲೆ ಮುಚ್ಚಳ ಮುಚ್ಚಿದ ಒಂದು ತಪ್ಪಲೆ ಬಂತು. "ಇದರೊಳಗೆ ಏನಿದೆ?"

ಜೋಯಿಸ ಕವಡೆ ಹಾಕಿದ, ಬೆರಳು ಮಡಿಸಿದ, "ಮುತ್ತಿನ ಹಾರ" ಅಂದ. ಅವನೂ ಸೆರೆಗೆ ಹೋದ. ಸಣ್ಣೀರ ನಡೆದುಹೋಗಿ ಮುಚ್ಚಳ ತೆಗೆದು ಇಣುಕಿದ. "ಹಳೇ ಚಪ್ಪಲಿ. ಎಡಗಾಲಿಂದು. ಉಂಗುಷ್ಟ ಕಿತ್ತುಹೋಗಿದೆ."

"ತೆಗೆದು ನೋಡಿಬಿಟ್ಟನಲ್ಲ!" ಅಂತ ಸಭೆಯೇ ಬೊಬ್ಬೆ ಹಾಕಿತು.

"ನೋಡಬೇಡ ಅಂತ ಯಾರೂ ಅನ್ನಲಿಲ್ಲವಲ್ಲ, ಬುದ್ಧೀ. ಗೊತ್ತಿಲ್ಲ ಅಂದ್ರೆ ನಮ್ಮಮ್ಮ ನಡಿ ನೋಡೋಣ ಅನ್ನೋಳು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದೇ ಕಣೋ ಒಗಟು! ಇಷ್ಟು ಜನರಲ್ಲಿ ಒಬ್ಬನಿಗೂ ಅದು ಹೊಳೆಯಲಿಲ್ಲ."

ಮೂರನೆಯದು ಓಲೆಯಲ್ಲಿ ಬರೆದಿತ್ತು. ಪಂಡಿತ ಅದನ್ನು ಮೊದಲು ಕಸಿದುಕೊಂಡು ಮನಸ್ಸಿನಲ್ಲೇ ಓದಿ, "ಎಮ್ಮೆ, ಎಮ್ಮೆ ಕಾಯುವವನು!" ಅಂದ.

"ಎಮ್ಮೆಗೆ ದಾರಿ ಗೊತ್ತಿಲ್ಲವೇ? ನಿನಗಿಂತ ಚೆನ್ನಾಗಿ ಗೊತ್ತು!" ಪಂಡಿತನೂ ಹೋದ.

ಓಲೆ ಸಣ್ಣೀರನ ಕೈಗೆ ಬಂತು. ಅಯ್ಯೋ ದೇವರೇ, ಅಕ್ಷರಗಳೆಲ್ಲ ಹರಿದಾಡತೊಡಗಿದವು! ಸುಳ್ಳು ಹೇಳಿ ಉಪಯೋಗವಿಲ್ಲ. "ನನಗೆ ಓದಕ್ಕೆ ಬರಲ್ಲ, ಬುದ್ಧೀ. ಅಕ್ಷರ ಒಂದು ಕಡೆ ನಿಲ್ಲಲ್ಲ. ಯಾರಾದರೂ ಓದಿದರೆ ಕೇಳಿಸ್ಕೋತೀನಿ."

ಸಭೆ ಗೊಳ್ಳೆಂದು ನಕ್ಕಿತು. ದೊರೆ ಮಾತ್ರ ನಗಲಿಲ್ಲ. "ಯಾರು ಓದಬೇಕು?"

"ನಮ್ಮಮ್ಮ."

ಸಂಕೋಲೆ ಎಳೆದುಕೊಂಡು ದುಗ್ಗಮ್ಮ ಬಂದಳು. ಮಗನ ತಲೆ ಸವರಿದಳು. ಓಲೆಯ ಮೇಲೆ ಬೆರಳಿಟ್ಟು ಓದಿದಳು: "ಇಬ್ಬರು ಹೊರಟಿದ್ದಾರೆ. ಮುಂದೆ ಹೋಗುವವನಿಗೆ ದಾರಿ ಗೊತ್ತಿಲ್ಲ. ಹಿಂದೆ ಬರುವವರು ತಡೆಯುವುದಿಲ್ಲ, ಎಳೆಯುವುದಿಲ್ಲ, ಕೈಬಿಡುವುದೂ ಇಲ್ಲ. ಆದರೂ ಇಬ್ಬರೂ ಊರು ಸೇರುತ್ತಾರೆ. ಯಾರಿವರು?"

ಸಣ್ಣೀರನಿಗೆ ಯೋಚಿಸುವ ಕೆಲಸವೇ ಬೀಳಲಿಲ್ಲ. "ಕಲಿಯೋ ಮಗು, ಕಲಿಸೋ ಗುರು! ನೆರಳಿನ ಹಿಂದೆ ನಾನು ಓಡಿದೆ, ನನ್ನ ಹಿಂದೆ ಅಮ್ಮ ಬಂದಳು. ನನಗೆ ನಮ್ಮಮ್ಮನ್ನ ಕೊಟ್ಟುಬಿಡಿ, ಬುದ್ಧೀ, ಇನ್ನೇನೂ ಬೇಡ!"

ದೊರೆ ಸಿಂಹಾಸನದಿಂದ ಇಳಿದು ಬಂದು ತಾನೇ ಸಂಕೋಲೆ ಬಿಚ್ಚಿದ. ತಾಯಿ ಮಗ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ನಕ್ಕರು. ಸೆರೆಗೆ ಹೋದವರಿಗೆಲ್ಲ ಬಿಡುಗಡೆಯಾಯಿತು, ಪಾಠಶಾಲೆಯ ಕಟ್ಟಳೆ ರದ್ದಾಯಿತು, ಬೆತ್ತಗಳೆಲ್ಲ ಅಡುಗೆಮನೆಯ ಒಲೆಗೆ ಹೋದವು. ಪ್ರಶ್ನೆ ಕೇಳುವ ಮಕ್ಕಳಿಗಾಗಿ ಒಂದು ಮನೆ ಕಟ್ಟಿಸಿ ಅದನ್ನು ಸಣ್ಣೀರನಿಗೇ ಒಪ್ಪಿಸಿದರು.

ಆದರೆ ಅದಕ್ಕೂ ಮೊದಲು, ಅಲ್ಲೇ ಸಭೆಯ ನಡುವೆ, ದೊರೆ ತಲೆ ತಗ್ಗಿಸಿ ಹೇಳಿದ: "ಹುಡುಗಾ, ಅಕ್ಷರ ನಿಲ್ಲಲ್ಲ ಅಂದೆಯಲ್ಲ. ನನಗೂ ಹಾಗೇ ಕಣೋ. ಆ ಒಗಟು ನಾನು ಹೇಳಿ ಬರೆಸಿದ್ದು. ಚಿಕ್ಕಂದಿನಲ್ಲಿ ತಿಂದ ಏಟಿಗೆ ಲೆಕ್ಕವಿಲ್ಲ. ತಪ್ಪು ನನ್ನದೇ ಅಂದುಕೊಂಡು, ಎಲ್ಲರಿಗೂ ಅದೇ ಬೆತ್ತ ಕೊಡಿಸಿದೆ. ಅದು ಸರಿಯೋ ಅಂತ ಒಳಗೊಳಗೇ ಅನುಮಾನ ಕಾಡಿ ಈ ಒಗಟು ಒಡ್ಡಿದೆ." ಆಮೇಲೆ ದುಗ್ಗಮ್ಮನ ಕಡೆ ತಿರುಗಿದ. "ತಾಯೀ, ನನಗೂ ಕಲಿಸ್ತೀಯಾ?"

"ಅದಕ್ಕೇನು, ಬುದ್ಧೀ! ಮೊದಲು ಹೇಳಿ, ನಿಮಗೆ ಏನು ಕಂಡರೆ ಇಷ್ಟ?"

ಅವನ ಜನ್ಮದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ದೊರೆಯ ಕಣ್ಣು ತುಂಬಿ ಬಂತು. ಮಂತ್ರಿಗಳ ಕಡೆ ಒಮ್ಮೆ ನೋಡಿದ, ನಾಚಿಕೊಂಡ, ಮೆಲ್ಲಗೆ ಹೇಳಿದ:

"ಕಪ್ಪೆ. ಅವೆಲ್ಲ ಒಟ್ಟಿಗೆ ಕೂಗಿ ಒಟ್ಟಿಗೇ ಯಾಕೆ ನಿಲ್ಲಿಸ್ತಾವೆ?"

"ನನಗೂ ಗೊತ್ತಿಲ್ಲ" ಅಂದಳು ದುಗ್ಗಮ್ಮ. "ನಡೀರಿ, ಕೆರೆ ಹತ್ರ ಹೋಗೋಣ."